ಹೆಂಚಿನ ಮನೆ ಬಿಡಿಸಿದರೆ ಮೂಲೆ ಮುಖಕ್ಕೆ ಬಂದು ಚುಚ್ಚುತ್ತೆ, ಕಂಬಗಳ ಅಂತರ ಕೂಡಲ್ಲ. ಪರ್ಸ್ಪೆಕ್ಟಿವ್ (ದೂರ ಹೋದಷ್ಟೂ ಚಿಕ್ಕದಾಗಿ ತೋರಿಸುವ ರೀತಿ) ಅಭ್ಯಾಸ ಹೇಗೆ ಮಾಡಬೇಕು?

ಜಗಲಿಗೆರೆ
ಎಲ್ಲರಿಗೂ ನಮಸ್ಕಾರ. ಎ3 ಕಾರ್ಟ್ರಿಜ್ ಹಾಳೆ, ಅಡ್ಡಕ್ಕೆ. ಮಂಗಳೂರು ಹೆಂಚಿನ ಹಳೇ ಮನೆ, ಎರಡು ಬಿಂದುವಿನ ಪರ್ಸ್ಪೆಕ್ಟಿವ್. ಕಣ್ಣಿನ ಮಟ್ಟದ ಗೆರೆ ಹಾಳೆಯ ನಡುವೆ. ವ್ಯಾನಿಶಿಂಗ್ ಪಾಯಿಂಟ್ (ದೂರ ಹೋಗುವ ಗೆರೆಗಳು ಸೇರುವ ಬಿಂದು) ಎರಡನ್ನೂ ಹಾಳೆಯ ಅಂಚಿನಿಂದ 1 ಸೆಂ.ಮೀ. ಒಳಗಿಟ್ಟಿದ್ದೇನೆ, ಅಂದರೆ ನಡುವೆ 40 ಸೆಂ.ಮೀ. ಮನೆಯ ಹತ್ತಿರದ ಮೂಲೆ 20 ಸೆಂ.ಮೀ. ಎತ್ತರ, ಎರಡೂ ಕಡೆ ಗೋಡೆ 15 ಸೆಂ.ಮೀ. ಹೋಗಿದೆ.

ಮೂಲೆ ಹಡಗಿನ ಮೂತಿಯ ಹಾಗೆ ಮುಂದಕ್ಕೆ ಬರುತ್ತೆ. ಜಗಲಿಯ ಐದು ಕಂಬಗಳ ಅಂತರ 4, 3, 2, 1 ಸೆಂ.ಮೀ. ಇಟ್ಟೆ, ಕೊನೆಯ ಎರಡು ಕಂಬ ಅಂಟಿಕೊಂಡ ಹಾಗಿದೆ. ಆಚೆ ಬದಿಯ ಮಾಡು ತಿರುಚಿದೆ. ಜಗಲಿ ಮೇಲಿಟ್ಟ ಚೊಂಬು ಜಾರಿ ಬೀಳುವ ಹಾಗಿದೆ. ಗೆರೆಗಳೆಲ್ಲ ಬಿಂದುವಿಗೇ ಹೋಗುತ್ತಿವೆ, ಸ್ಕೇಲ್ ಇಟ್ಟು ನೋಡಿದ್ದೇನೆ. ಹಾಗಾದರೆ ತಪ್ಪು ಎಲ್ಲಿ? ದಿನಕ್ಕೆ ಅರ್ಧ ಗಂಟೆ ಸಿಗುತ್ತೆ, ಅದರಲ್ಲಿ ಏನು ಅಭ್ಯಾಸ ಮಾಡಲಿ?

ಇದ್ದಿಲು
ಬಿಂದುಗಳು ತೀರಾ ಹತ್ತಿರ. ಮಿಕ್ಕಿದ್ದೆಲ್ಲ ಆಮೇಲೆ.

ಟಿ_ಸ್ಕೇಲ್
ಇದ್ದಿಲು ಹೇಳಿದ್ದೇ ಸರಿ. ಯಾಕೆ ಅನ್ನುವುದನ್ನು ಲೆಕ್ಕ ಹಾಕಿ ನೋಡೋಣ, ಒಮ್ಮೆ ತಲೆಗೆ ಹೋದರೆ ಮತ್ತೆ ಮರೆಯಲ್ಲ.

ಮೂಲೆ ನಿಮ್ಮ ಎದುರಿಗೆ 45 ಡಿಗ್ರಿಯಲ್ಲಿದ್ದರೆ, ಎರಡು ಬಿಂದುಗಳ ನಡುವಿನ ದೂರದ ಅರ್ಧವೇ ನೋಡುಗನ ಕಣ್ಣಿಗೂ ಹಾಳೆಗೂ ಇರಬೇಕಾದ ದೂರ. ನಿಮ್ಮದು 40, ಹಾಗಾಗಿ 20 ಸೆಂ.ಮೀ. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಹಾಳೆಯ ನಡುವಿಗೆ ನೇರವಾಗಿ 20 ಸೆಂ.ಮೀ. ಹತ್ತಿರ ತನ್ನಿ. ಮೂಲೆ ತೆಪ್ಪಗೆ ಕೂರುತ್ತೆ. ಗೆರೆಗಳು ಸುಳ್ಳಲ್ಲ, ನೋಡುವ ಜಾಗ ಸುಳ್ಳು. ಯಾರೂ ಚಿತ್ರವನ್ನು ಒಂದು ಗೇಣಿನಷ್ಟು ಹತ್ತಿರದಿಂದ ನೋಡಲ್ಲ.

ಇನ್ನೂ ಸ್ಪಷ್ಟವಾಗಿ ಹೇಳಬೇಕೆಂದರೆ, ಆ ಮೂಲೆ ನಿಜವಾಗಿ 3 ಮೀಟರ್ ಎತ್ತರ ಅಂದುಕೊಳ್ಳಿ. ಹಾಳೆ ಕಣ್ಣಿಂದ 20 ಸೆಂ.ಮೀ., ಮೂಲೆ 20 ಸೆಂ.ಮೀ. ಎತ್ತರ. ಅಂದರೆ ನೀವು ಮೂಲೆಯಿಂದ ಬರೀ 3 ಮೀಟರ್ ದೂರ ನಿಂತಿದ್ದೀರಿ. ಗೋಡೆಯ ತುದಿಯಲ್ಲಿ ಎತ್ತರ 5 ಸೆಂ.ಮೀ.ಗೆ ಇಳಿದಿದೆ, ನಾಲ್ಕನೇ ಒಂದು ಭಾಗ. ಹಾಗಾಗಿ ಆ ತುದಿ ನಾಲ್ಕು ಪಟ್ಟು ಆಳದಲ್ಲಿದೆ, 12 ಮೀಟರ್. ಅಷ್ಟು ಹತ್ತಿರ ನಿಂತು ಅಷ್ಟು ಉದ್ದದ ಮನೆಯನ್ನು ಯಾರೂ ಒಂದೇ ನೋಟದಲ್ಲಿ ನೋಡಲ್ಲ, ಕತ್ತು ತಿರುಗಿಸುತ್ತಾರೆ.

ಚಿತ್ರ ಆರಾಮಾಗಿ ಕಾಣುವುದು 60 ಡಿಗ್ರಿಯ ನೋಟದೊಳಗೆ. 20 ಸೆಂ.ಮೀ. ದೂರಕ್ಕೆ ಅದು ಸುಮಾರು 23 ಸೆಂ.ಮೀ. ವ್ಯಾಸದ ವೃತ್ತ. ನಿಮ್ಮ ಮನೆ 30 ಸೆಂ.ಮೀ. ಅಗಲ, ಎರಡೂ ಕಡೆ ಹೊರಗೆ ಬಿದ್ದಿದೆ. ಎ3 ಹಾಳೆಯ ಪೂರ್ತಿ 42 ಸೆಂ.ಮೀ. ಅಗಲ ಬಳಸಬೇಕಾದರೆ ಬಿಂದುಗಳ ನಡುವೆ ಕಡಿಮೆಯೆಂದರೂ 73 ಸೆಂ.ಮೀ. ಬೇಕು.

ಜಗಲಿಗೆರೆ
20 ಸೆಂ.ಮೀ.ಗೆ ಕಣ್ಣು ತಂದು ನೋಡಿದೆ, ನಿಜವಾಗಿಯೂ ಸರಿಹೋಯಿತು! ಆದರೆ 73 ಸೆಂ.ಮೀ. ಅಂದರೆ ಬಿಂದುಗಳು ಹಾಳೆಯ ಆಚೆ ಹೋಗುತ್ತವಲ್ಲ ಸರ್, ಗೆರೆ ಎಳೆಯೋದು ಹೇಗೆ?

ಧಾರವಾಡ_ಪೆನ್ಸಿಲ್
ದೊಡ್ಡ ಹಲಗಿ ಇದ್ರ ಹಾಳಿನ ನಡುವ ಟೇಪ್ ಹಚ್ಚಿ, ಎರಡೂ ಕಡೆ ಗುಂಡುಪಿನ್ ಚುಚ್ಚಿ ದಾರ ಕಟ್ರಿ. ದಾರ ಬಿಗಿ ಹಿಡಿದು ಅದರ ಗುಂಟ ಎರಡು ಚುಕ್ಕಿ ಇಡ್ರಿ, ಆಮ್ಯಾಲೆ ಸ್ಕೇಲ್‌ಲೆ ಕೂಡಸ್ರಿ. ದಾರದ ಮ್ಯಾಲೆ ಪೆನ್ಸಿಲ್ ಒತ್ತಬ್ಯಾಡ್ರಿ, ದಾರ ಬಾಗಿ ಗೆರಿ ಡೊಂಕ ಆಗ್ತದ.

ಟಿ_ಸ್ಕೇಲ್
ಹಲಗೆ ಇಲ್ಲದವರಿಗೆ ಅಂಚು ಭಾಗ ಮಾಡುವ ವಿಧಾನ. ಹಾಳೆಯ ನಡುವೆ ಮೂಲೆಯ ನೇರ ಗೆರೆ 10 ಸೆಂ.ಮೀ. ಎಳೆಯಿರಿ, ಕಣ್ಣಿನ ಮಟ್ಟ ಅದರ ಸರಿ ಅರ್ಧದಲ್ಲಿ ಬರಲಿ. ನಿಂತವರ ಕಣ್ಣು 1.5 ಮೀಟರ್, ಗೋಡೆ 3 ಮೀಟರ್, ಹಾಗಾಗಿ ಅರ್ಧ. ಆ ಗೆರೆಗೆ 1 ಸೆಂ.ಮೀ.ಗೊಂದು ಗುರುತು. ಈಗ ಹಾಳೆಯ ಎಡ ಅಂಚಿನಲ್ಲಿ, ಅದೇ ಕಣ್ಣಿನ ಮಟ್ಟದಿಂದ ಮೇಲೆ ಐದು, ಕೆಳಗೆ ಐದು ಗುರುತು, ಆದರೆ 6 ಮಿ.ಮೀ.ಗೊಂದು. ಬಲ ಅಂಚಿಗೂ ಹಾಗೇ. ಒಂದನೇ ಗುರುತನ್ನು ಒಂದನೆಯದಕ್ಕೆ, ಎರಡನ್ನು ಎರಡಕ್ಕೆ ಸೇರಿಸಿ. ಎಲ್ಲ ಗೆರೆಗಳೂ ಮೂಲೆಯಿಂದ 52.5 ಸೆಂ.ಮೀ. ಆಚೆ ಒಂದೇ ಬಿಂದುವಿನಲ್ಲಿ ಸೇರುತ್ತವೆ, ಆ ಬಿಂದುವನ್ನು ನೀವು ಮುಟ್ಟಬೇಕಾಗಿಲ್ಲ. ನಡುವೆ ಯಾವ ಗೆರೆ ಬೇಕಾದರೂ ಈ ಎರಡು ಗೆರೆಗಳ ಸಂದಿಯಲ್ಲಿ ಅಂದಾಜಿನಲ್ಲಿ ಹಾಕಬಹುದು.

ಮೂಲೆಯ ಎತ್ತರ 20ರಲ್ಲೇ ಉಳಿಸಬೇಡಿ. ದೂರದ ಬಿಂದುವಿಗೆ 20 ಇಟ್ಟರೆ ಅದೇ ಉದ್ದದ ಗೋಡೆ ಹಾಳೆಯಿಂದ ಆಚೆ ಹೋಗುತ್ತೆ. 10 ಇಟ್ಟರೆ ಮೂಲೆಯಿಂದ ಸುಮಾರು 16 ಮೀಟರ್ ದೂರ ನಿಂತಂತೆ, ಇಡೀ ಮನೆ ಹಿಡಿಸುತ್ತೆ.

ನೀರುಬಣ್ಣ
ಇಷ್ಟೆಲ್ಲ ಲೆಕ್ಕ ಬೇಕೇ ಬೇಕಾ? ಹೊರಗೆ ಕೂತು ಬಿಡಿಸುವಾಗ ಯಾರೂ 52.5 ಅಳೆಯಲ್ಲ. ಪೆನ್ಸಿಲ್ ಹಿಡಿದು ಓರೆ ನೋಡಿ ಹಾಕಿದರೆ ಸಾಕು. ನಿಯಮ ಹೆಚ್ಚಾದಷ್ಟೂ ಗೆರೆ ಸತ್ತುಹೋಗುತ್ತೆ.

ಟಿ_ಸ್ಕೇಲ್
ಹೊರಗೆ ಅಳೆಯಬೇಡಿ, ಒಪ್ಪುತ್ತೇನೆ. ಆದರೆ ಓರೆ ತಪ್ಪಾದಾಗ ಯಾಕೆ ತಪ್ಪಾಯಿತು ಎಂದು ಹೇಳುವುದು ಲೆಕ್ಕವೇ. ಪ್ರಶ್ನೆ ಕೇಳಿದವರಿಗೆ ಕಣ್ಣು ಸರಿಯಾಗಿದೆ, ಚಿತ್ರ ಸರಿಯಿಲ್ಲ ಎಂದು ಗೊತ್ತಾಗಿದೆ. ಕಾರಣ ಗೊತ್ತಾಗಬೇಕಿತ್ತು.

ಕೊಡಿಯಾಲ_ಸ್ಕೆಚ್
ಇಬ್ಬರದ್ದೂ ಸರಿ ಮಾರಾಯ್ರೇ. ಪೆನ್ಸಿಲ್ ಹಿಡಿದು ಅಳೆಯುವಾಗ ಹೆಚ್ಚಿನವರು ಎರಡು ಕಡೆ ತಪ್ತಾರೆ. ಒಂದು, ಮೊಣಕೈ ಮಡಚುವುದು. ಕೈ ಪೂರ್ತಿ ಚಾಚಿ ಮೊಣಕೈ ಬಿಗಿ ಮಾಡದಿದ್ದರೆ ಒಂದೊಂದು ಸಲ ಒಂದೊಂದು ಅಳತೆ ಬರ್ತದೆ. ಎರಡು, ಪೆನ್ಸಿಲನ್ನು ಮಾಡಿನ ಗೆರೆ ಹೋಗುವ ಕಡೆಗೆ ಚುಚ್ಚಿದ ಹಾಗೆ ಒಳಕ್ಕೆ ಬಾಗಿಸುವುದು. ಎದುರಿಗೊಂದು ಗಾಜಿನ ಕಿಟಕಿ ಉಂಟು ಅಂತ ನೆನೆಸಿ. ಪೆನ್ಸಿಲ್ ಆ ಗಾಜಿಗೆ ಒರಗಿಯೇ ತಿರುಗಬೇಕು, ಗಾಜು ಒಡೆದು ಒಳಗೆ ಹೋಗಬಾರದು.

ಗಡಿಯಾರದ ಮುಳ್ಳಿನ ಲೆಕ್ಕ ಸಹ ಸುಲಭ. ಮಾಡಿನ ಅಂಚು 10 ಗಂಟೆಯ ಮುಳ್ಳಿನ ಹಾಗೆ ಉಂಟಾ, 9ರ ಹತ್ತಿರವಾ? ಮನಸ್ಸಲ್ಲೇ ಹೇಳಿಕೊಂಡು ಹಾಕಿದರೆ ಹಾಳೆ ನೋಡುವಷ್ಟರಲ್ಲಿ ಮರೆಯುವುದಿಲ್ಲ.

ಬಣ್ಣದಬುಟ್ಟಿ
ನಿಜವಾದ ಗಾಜೇ ಸಿಕ್ಕರೆ ಇನ್ನೂ ಒಳ್ಳೇದು. ಕಿಟಕಿ ಗಾಜಿನ ಮೇಲೆ ಸೋಪಿನ ಚೂರಲ್ಲಿ ಎದುರುಮನೆ ಬಿಡಿಸಿ. ಒಂದು ಕಣ್ಣು ಮುಚ್ಚಿರಬೇಕು, ಗಲ್ಲ ಕುರ್ಚಿಯ ಬೆನ್ನಿಗೋ ಪುಸ್ತಕದ ರಾಶಿಗೋ ಒತ್ತಿರಬೇಕು. ತಲೆ ಎರಡು ಬೆರಳಷ್ಟು ಸರಿದರೂ ಗೆರೆ ಕೂಡಲ್ಲ. ಪರ್ಸ್ಪೆಕ್ಟಿವ್ ಅಂದರೆ ಅಲುಗದ ಒಂದೇ ಕಣ್ಣು ಎಂಬುದು ಇದರಲ್ಲಿ ಗೊತ್ತಾಗುವಷ್ಟು ಬೇರೆ ಯಾವುದರಲ್ಲೂ ಗೊತ್ತಾಗಲ್ಲ. ಜರ್ಮನಿಯ ಚಿತ್ರಕಾರ ಡ್ಯೂರರ್ 1525ರಲ್ಲಿ ಅಚ್ಚು ಹಾಕಿಸಿದ ಚಿತ್ರದಲ್ಲೂ ಇದೇ ಉಪಾಯ, ಗೋಡೆಗೆ ಕಟ್ಟಿದ ದಾರವನ್ನು ಚೌಕಟ್ಟಿನ ಮೂಲಕ ಹಾಯಿಸಿ ಲ್ಯೂಟ್ ವಾದ್ಯವನ್ನು ಚುಕ್ಕಿ ಚುಕ್ಕಿಯಾಗಿ ಹಾಳೆಗೆ ಇಳಿಸುತ್ತಾರೆ.

ಜಗಲಿಗೆರೆ
ಕಂಬಗಳ ಬಗ್ಗೆ ಯಾರೂ ಹೇಳಲಿಲ್ಲ. 4, 3, 2, 1 ಯಾಕೆ ತಪ್ಪು? ದೂರ ಹೋದ ಹಾಗೆ ಕಡಿಮೆ ಆಗಬೇಕಲ್ವಾ?

ಟಿ_ಸ್ಕೇಲ್
ಕಡಿಮೆ ಆಗಬೇಕು, ಆದರೆ ಒಂದೊಂದೇ ಕಳೆದು ಅಲ್ಲ. ನಿಮ್ಮ ಬಿಂದು ಮೂಲೆಯಿಂದ 20 ಸೆಂ.ಮೀ. ದೂರ. ಮೂಲೆಯ ಕಂಬ 20 ಸೆಂ.ಮೀ., ಎರಡನೆಯದು 4 ಸೆಂ.ಮೀ. ಆಚೆ, ಎತ್ತರ 16. ಸಮದೂರದ ಕಂಬಗಳಾದರೆ ಮೂರನೆಯದು 13.3, ನಾಲ್ಕನೆಯದು 11.4, ಐದನೆಯದು 10 ಆಗಬೇಕು. ಅಂತರ 4, 2.7, 1.9, 1.4. ವಿಚಿತ್ರ ಏನೆಂದರೆ ಒಟ್ಟು ಎರಡು ಲೆಕ್ಕದಲ್ಲೂ 10. ಮೊದಲ ಮತ್ತು ಕೊನೆಯ ಕಂಬ ಸರಿ ಜಾಗದಲ್ಲೇ ಇವೆ, ನಡುವಿನವು ದೂರಕ್ಕೆ ಸರಿದು ಕೊನೆಯ ಕಂಬಕ್ಕೆ ಒತ್ತಿವೆ. ಅಂಟಿಕೊಂಡ ಹಾಗೆ ಕಂಡದ್ದು ಅದಕ್ಕೇ.

ಧಾರವಾಡ_ಪೆನ್ಸಿಲ್
ಲೆಕ್ಕ ಬ್ಯಾಡ ಅನ್ನೋರಿಗೆ ಕರ್ಣದ ಪದ್ಧತಿ ಅದ. ಮೊದಲ ಎರಡು ಕಂಬ ನೋಡಿ ಹಾಕ್ರಿ. ಕಂಬದ ಸರಿ ಅರ್ಧ ಎತ್ತರದಿಂದ ಬಿಂದುವಿಗೆ ಒಂದು ಗೆರಿ. ಈಗ ಮೊದಲ ಕಂಬದ ತಲಿಯಿಂದ, ಎರಡನೇ ಕಂಬದ ನಡುವಿನ ಚುಕ್ಕಿ ಹಾದು, ಕೆಳಗಿನ ಗೆರಿ ಮುಟ್ಟೋ ತನಕ ಎಳೀರಿ. ಮುಟ್ಟಿದಲ್ಲೇ ಮೂರನೇ ಕಂಬದ ಬುಡ. ಎರಡನೇದರ ತಲಿಯಿಂದ ಮೂರನೇದರ ನಡು ಹಾದು ನಾಲ್ಕನೇದು. ಹಿಂಗ ಹೋಗ್ತಾ ಇರ್ರಿ.

ಪೆನ್ಸಿಲ್ ಗಟ್ಟಿ 2ಎಚ್ ಇರ್ಲಿ, ಮೊನಿ ಚೂಪು. ಮೆತ್ತಗಿನ 4ಬಿ ಹಿಡಿದು ಮಾಡಿದ್ರ ಗೆರಿ ದಪ್ಪಾಗಿ ಐದಾರು ಕಂಬಕ್ಕ ತಪ್ಪು ಕೂಡಿ ಕೂಡಿ ಕಾಣಸ್ತದ. ಎಲ್ಲಾ ಕಂಬಕ್ಕೂ ಎಡ ಅಂಚಿನಿಂದ ಎಡ ಅಂಚಿಗೇ ಹಿಡೀರಿ, ದಪ್ಪ ಆಮ್ಯಾಲೆ ಕೂಡಸ್ರಿ.

ಟಿ_ಸ್ಕೇಲ್
ಕಂಬ ಜಾಸ್ತಿ ಇದ್ದರೆ ಇನ್ನೊಂದು ದಾರಿ, ಇದರಲ್ಲಿ ತಪ್ಪು ಕೂಡುತ್ತಾ ಹೋಗಲ್ಲ. ಇಡೀ ಜಗಲಿಯ ಮೊದಲ ಮತ್ತು ಕೊನೆ ಕಂಬ ನಿಲ್ಲಿಸಿ. ಹತ್ತಿರದ ಕಂಬವನ್ನು ನಾಲ್ಕು ಸಮ ಭಾಗ ಮಾಡಿ ಗುರುತುಗಳಿಂದ ಬಿಂದುವಿಗೆ ಗೆರೆ ಎಳೆಯಿರಿ. ಇಡೀ ಚೌಕಕ್ಕೆ ಒಂದೇ ಒಂದು ಕರ್ಣ. ಕರ್ಣ ಗೆರೆಗಳನ್ನು ಕಡಿದಲ್ಲೆಲ್ಲ ನೇರ ಕಂಬ ಇಳಿಸಿ. ಐದು ಕಂಬ ಸಿದ್ಧ.

ಘಟ್ಟದಗೆರೆ
ಒಂದು ಮಾತು ಸೇರಿಸಲಾ? ಇಲ್ಲಿ ಎಲ್ಲರೂ ಕಣ್ಣಿನ ಮಟ್ಟ ಅನ್ನುತ್ತಿರುವುದು ಒಳ್ಳೆಯದಾಯಿತು. ದಿಗಂತ ರೇಖೆ ಎಂದು ಕಲಿತವರು ಮಲೆನಾಡಿಗೆ ಬಂದರೆ ಬೆಟ್ಟದ ನೆತ್ತಿಯನ್ನೇ ದಿಗಂತ ಎಂದು ಹಿಡಿದು ಅಲ್ಲಿಗೆ ಬಿಂದು ಇಡುತ್ತಾರೆ. ಮನೆ ಗುಂಡಿಯಲ್ಲಿ ಕೂತ ಹಾಗೆ ಕಾಣುತ್ತೆ. ಬೆಟ್ಟ ದಿಗಂತವನ್ನು ಮರೆಮಾಡಿದೆ ಅಷ್ಟೆ, ಕಣ್ಣಿನ ಮಟ್ಟ ನಿಮ್ಮ ಕಣ್ಣಿನ ನೇರಕ್ಕೇ ಇರುತ್ತೆ.

ಗೊತ್ತಾಗದಿದ್ದರೆ ಪಾರದರ್ಶಕ ಬಾಟಲಿಗೆ ಅರ್ಧ ನೀರು ತುಂಬಿ ಕಣ್ಣಿನೆದುರು ಹಿಡಿಯಿರಿ. ಮೇಲೆ ಕೆಳಗೆ ಮಾಡಿ. ನೀರಿನ ಮೈ ಕಾಣದೆ ಬರೀ ಒಂದು ಗೆರೆಯಾದಾಗ, ಅದರ ಹಿಂದೆ ಮನೆಯ ಯಾವ ಭಾಗ ಬರುತ್ತದೋ ಅದೇ ಮಟ್ಟ.

ಏರುವ ದಾರಿಗೆ ಬಿಂದು ಕಣ್ಣಿನ ಮಟ್ಟಕ್ಕಿಂತ ಮೇಲೆ, ಇಳಿಯುವ ದಾರಿಗೆ ಕೆಳಗೆ. ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಬುಡದಿಂದ ಬಿಡಿಸುವಾಗ ಮೆಟ್ಟಿಲುಗಳ ಎರಡು ಬದಿಯ ಅಂಚು ಮೇಲಿನ ಬಿಂದುವಿಗೆ, ಒಂದೊಂದು ಮೆಟ್ಟಿಲಿನ ಮಟ್ಟಸ ಬದಿ ಮಾತ್ರ ಕಣ್ಣಿನ ಮಟ್ಟದ ಬಿಂದುವಿಗೇ. ಎರಡನ್ನೂ ಒಂದಕ್ಕೇ ಎಳೆದರೆ ಮೆಟ್ಟಿಲು ಹೋಗಿ ಚಪ್ಪಟೆ ದಾರಿಯಾಗುತ್ತೆ.

ಬಣ್ಣದಬುಟ್ಟಿ
ಸಂತೆ ಬಿಡಿಸುವವರಿಗೂ ಇದೇ ಬೇಕು. ಸಮತಟ್ಟು ನೆಲದಲ್ಲಿ ನೀವು ನಿಂತಿದ್ದರೆ, ನಿಮ್ಮಷ್ಟೇ ಎತ್ತರದವರ ಕಣ್ಣುಗಳೆಲ್ಲ ಹತ್ತಿರ ಇರಲಿ ದೂರ ಇರಲಿ ಒಂದೇ ಗೆರೆ ಮೇಲೆ. ಬದಲಾಗುವುದು ಕಾಲು ಮುಟ್ಟುವ ಜಾಗ. ನೆಲದ ಮೇಲೆ ಕೂತು ಬಿಡಿಸಿದರೆ ಆ ಗೆರೆ ನಿಂತವರ ತೊಡೆಯ ಹತ್ತಿರ ಹಾದುಹೋಗುತ್ತೆ, ಎಲ್ಲರಿಗೂ.

ಇದ್ದಿಲು
ಈಗ ಮಾಡು. ಮಾಡಿನ ಎರಡು ಓರೆ ಸೇರುವ ತ್ರಿಕೋನದ ಗೋಡೆಗೆ ಕರ್ಣ ಎರಡೂ ಎಳೆದು ನಡು ಹುಡುಕಿದಿರಾ, ಸ್ಕೇಲಲ್ಲಿ ಅಳೆದಿರಾ?

ಜಗಲಿಗೆರೆ
ಸ್ಕೇಲಲ್ಲಿ. 15ರ ಅರ್ಧ 7.5.

ಇದ್ದಿಲು
ಅಲ್ಲೇ ಹೋಯಿತು. ಹಾಳೆಯ ಮೇಲಿನ ಅರ್ಧ ಗೋಡೆಯ ಅರ್ಧ ಅಲ್ಲ. ಗೋಡೆಯ ಚೌಕಕ್ಕೆ ಎರಡು ಕರ್ಣ ಎಳೆಯಿರಿ, ಕಡಿದ ಜಾಗ ನಿಜವಾದ ನಡು, ಅದು ನಿಮ್ಮ ಕಡೆಯ ಮೂಲೆಯಿಂದ ದೂರದ ತುದಿಯ ಕಡೆಗೆ ಸರಿದಿರುತ್ತೆ. ಅಲ್ಲಿಂದ ನೇರ ಮೇಲಕ್ಕೆ ಎಳೆದು ನೆತ್ತಿ ಇಡಿ. ನೆತ್ತಿಯಿಂದ ಹೊರಡುವ ಮಾಡಿನ ತುದಿಯ ಗೆರೆ, ಕೆಳಗಿನ ಸೂರಿನ ಅಂಚು, ಎರಡೂ ಒಂದೇ ಬಿಂದುವಿಗೆ.

ಇನ್ನು ತಿರುಚಿದ್ದು. ಈಚೆ ತ್ರಿಕೋನದ ಓರೆಯನ್ನೇ ಆಚೆ ತ್ರಿಕೋನಕ್ಕೂ ಸೆಟ್‌ಸ್ಕ್ವೇರ್ ಇಟ್ಟು ಸಮಾಂತರ ಎಳೆದಿರಬೇಕು. ನಿಜದಲ್ಲಿ ಅವು ಸಮಾಂತರ, ಆದ್ದರಿಂದಲೇ ಹಾಳೆಯಲ್ಲಿ ಸೇರಬೇಕು. ಸೇರುವ ಜಾಗ ತ್ರಿಕೋನದ ಗೋಡೆ ಹೋಗುವ ಬಿಂದುವಿನ ನೇರ ಮೇಲೆ. ಇಳಿಯುವ ಓರೆಗಳಿಗೆ ಅದೇ ಬಿಂದುವಿನ ನೇರ ಕೆಳಗೆ, ಅಷ್ಟೇ ದೂರ.

ಕೊಡಿಯಾಲ_ಸ್ಕೆಚ್
ಇದ್ದಿಲು ಹೇಳಿದ್ದು ಬಂಗಾರ. ಹೆಂಚಿನ ಬಗ್ಗೆಯೂ ಒಂದು: ಎಲ್ಲ ಹೆಂಚು ಬಿಡಿಸ್ಲಿಕ್ಕೆ ಹೋಗಬೇಡಿ. ಸೂರಿನ ಅಂಚಿನ ಒಂದು ಸಾಲು ಪೂರ್ತಿ, ನೆತ್ತಿಯ ಮೂಲೆ ಹೆಂಚು, ಮತ್ತೆ ಅಲ್ಲಲ್ಲಿ ನಾಲ್ಕೈದು ಹೆಂಚಿನ ಗುಂಪು ಸಾಕು, ಉಳಿದದ್ದು ಓರೆ ಗೆರೆಯಲ್ಲಿ ಸೂಚನೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಕಾರ್ಖಾನೆ ಹಾಕಿದ ಮೇಲೆ ಈ ಹೆಂಚು ಅಚ್ಚಿನಲ್ಲಿ ಒಂದೇ ಅಳತೆಗೆ ಬಂತು. ಹಾಗಾಗಿ ಅಭ್ಯಾಸಕ್ಕೆ ಒಳ್ಳೆಯ ಚೌಕುಳಿ. ಸಾಲು ತಪ್ಪಿದರೆ ಕೂಡಲೇ ಕಣ್ಣಿಗೆ ಬೀಳ್ತದೆ.

ಮೈಸೂರುಕುಂಚ
ನನ್ನದೊಂದು ತಕರಾರು. ಪರ್ಸ್ಪೆಕ್ಟಿವ್ ಬರದಿದ್ದರೆ ಚಿತ್ರವೇ ಅಲ್ಲ ಅನ್ನುವ ಧಾಟಿ ಬೇಡ. ಮೈಸೂರು ಶೈಲಿಯಲ್ಲಿ, ಹಂಪಿ ವಿರೂಪಾಕ್ಷನ ರಂಗಮಂಟಪದ ಚಾವಣಿ ಚಿತ್ರಗಳಲ್ಲಿ ಗಾತ್ರ ದೂರದಿಂದ ಬರುವುದಿಲ್ಲ, ಮಹತ್ವದಿಂದ ಬರುತ್ತದೆ. ದೇವರು ದೊಡ್ಡವನು, ಸೇವಕ ಚಿಕ್ಕವನು, ಇಬ್ಬರೂ ಪಕ್ಕಪಕ್ಕದಲ್ಲಿದ್ದರೂ. ಅದು ತಪ್ಪಲ್ಲ, ಬೇರೆ ವ್ಯಾಕರಣ.

ಟಿ_ಸ್ಕೇಲ್
ಪೂರ್ತಿ ಒಪ್ಪಿಗೆ. ಆದರೆ ಎರಡು ವ್ಯಾಕರಣ ಒಂದೇ ಹಾಳೆಯಲ್ಲಿ ಗೊತ್ತಿಲ್ಲದೆ ಬೆರೆತರೆ ಅದು ತಪ್ಪೇ. ಜಗಲಿ ಒಂದು ಕಣ್ಣಿನಿಂದ, ಚೊಂಬು ಇನ್ನೊಂದು ಕಣ್ಣಿನಿಂದ ನೋಡಿದ್ದು, ಅದಕ್ಕೇ ಜಾರುತ್ತಿದೆ.

ಮೈಸೂರುಕುಂಚ
ಅದು ಸರಿ. ಚಿತ್ರಕಾರ ಕೆ. ವೆಂಕಟಪ್ಪನವರನ್ನೇ ನೋಡಿ, ಪುರಾಣದ ಚಿತ್ರಗಳೂ ಇವೆ, ಊಟಿಯ ನಿಸರ್ಗ ಜಲವರ್ಣಗಳೂ ಇವೆ. ಎರಡರಲ್ಲೂ ಕೈ ಒಂದೇ, ನೋಟ ಬೇರೆ.

ಬಣ್ಣದಬುಟ್ಟಿ
ವಿರೂಪಾಕ್ಷ ಅಂದಾಗ ನೆನಪಾಯಿತು, ಗುಡಿಯ ಹಿಂಬದಿಯ ಕತ್ತಲ ಕೋಣೆಯಲ್ಲಿ ಸಣ್ಣ ಕಿಂಡಿಯಿಂದ ರಾಜಗೋಪುರದ ನೆರಳು ತಲೆಕೆಳಗಾಗಿ ಗೋಡೆಗೆ ಬೀಳುತ್ತದಲ್ಲ, ಪರ್ಸ್ಪೆಕ್ಟಿವ್ ಪಾಠಕ್ಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಬೆಳಕು ನೇರ ಬಂದು ಒಂದೇ ಕಿಂಡಿಯಲ್ಲಿ ಹಾದು ಗೋಡೆಗೆ ಹರಡಿದೆ. ನಮ್ಮ ಒಂದು ಕಣ್ಣು ಆ ಕಿಂಡಿ, ಹಾಳೆ ಆ ಗೋಡೆ. ನಾವು ಹಾಳೆಯನ್ನು ಕಿಂಡಿಯ ಮುಂದೆ ಇಡುತ್ತೇವೆ, ಅದಕ್ಕೆ ತಲೆಕೆಳಗಾಗಲ್ಲ.

ನೀರುಬಣ್ಣ
ಆ ಗೋಪುರ ಬಿಡಿಸುವುದು ಕಷ್ಟ. ಹೋದಲ್ಲೆಲ್ಲ ಮೊನಚಾಗಿಬಿಡುತ್ತೆ.

ಟಿ_ಸ್ಕೇಲ್
ಅದು ನಿಜವಾಗಿಯೂ ಮೇಲೆ ಹೋದಂತೆ ಕಿರಿದಾಗುತ್ತದೆ, ಅದರ ಮೇಲೆ ಕತ್ತೆತ್ತಿ ನೋಡಿದಾಗ ಮೂರನೇ ಬಿಂದುವಿನ (ನೇರ ನಿಂತ ಗೆರೆಗಳು ಮೇಲೆ ಸೇರುವ ಬಿಂದು) ಕಿರಿದಾಗುವಿಕೆಯೂ ಸೇರಿಕೊಳ್ಳುತ್ತದೆ. ಎತ್ತರ ಸುಮಾರು 50 ಮೀಟರ್. ಕತ್ತೆತ್ತದೆ ನೋಟದೊಳಗೆ ತರಬೇಕಾದರೆ ಸುಮಾರು 85 ಮೀಟರ್ ಹಿಂದೆ ನಿಲ್ಲಬೇಕು, ನೂರಹತ್ತರ ಮೇಲೆ ಹೆಜ್ಜೆ. ಎದುರಿನ ರಥಬೀದಿಯಲ್ಲಿ ಅಷ್ಟು ಜಾಗ ಧಾರಾಳವಾಗಿದೆ. ಹತ್ತಿರ ಕೂತು ನೇರ ಗೋಪುರ ಬಿಡಿಸಲು ಹೊರಟರೆ ಮೊನಚಾಗುವುದೇ.

ಧಾರವಾಡ_ಪೆನ್ಸಿಲ್
ಮೊಬೈಲ್ ಫೋಟೊ ನೋಡಿ ಬಿಡಸೋರು 2 ಪಟ್ಟು ಜೂಮ್ ಇಟ್ಟು, ಹಿಂದ ಸರದು ತಗೀರಿ. ಸುಮ್ಮನ ತಗದ್ರ ಮುಖ್ಯ ಲೆನ್ಸ್ ಸುಮಾರು 70 ಡಿಗ್ರಿ ಅಗಲ ಹಿಡೀತದ, ಅಂಚಿನ ಕಂಬ ಎಳದಂಗ ಆಗ್ತಾವ. ಮೊಬೈಲ್ ಮ್ಯಾಲೆ ಬಾಗಿಸಬ್ಯಾಡ್ರಿ.

ಇದ್ದಿಲು
ಚೊಂಬು ಉಳಿಯಿತು. ಬಾಯಿಯ ಅಂಡಾಕಾರದ ಎರಡು ತುದಿ ಚೂಪು ಮಾಡಿದ್ದೀರಾ? ಚೂಪು ಇರಲೇಬಾರದು, ಅಲ್ಲೂ ದುಂಡಗೇ ತಿರುಗಬೇಕು. ತಳವನ್ನು ಜಗಲಿ ಸಪಾಟು ಎಂದು ನೇರ ಗೆರೆ ಎಳೆದಿರುತ್ತೀರಿ, ಅದೂ ತಪ್ಪು. ಕಣ್ಣಿಗಿಂತ ಕೆಳಗೆ ಇಳಿದಷ್ಟೂ ವೃತ್ತ ತೆರೆಯುತ್ತದೆ, ಬಾಯಿಗಿಂತ ತಳ ಹೆಚ್ಚು ಬಾಗಬೇಕು. ಅಂಡಾಕಾರದ ಗಿಡ್ಡ ಅಕ್ಷ ಚೊಂಬಿನ ನಡುವಿನ ನೇರ ಗೆರೆಯ ಮೇಲೇ ಕೂರಬೇಕು, ನೀವು ಅದನ್ನು ಜಗಲಿಯ ಓರೆಗೆ ವಾಲಿಸಿದ್ದೀರಿ.

ಸ್ಟೀಲ್ ಲೋಟ ಒಂದು ಸಾಕು. ನೆಲದ ಮೇಲೆ, ಸ್ಟೂಲ್ ಮೇಲೆ, ಕಪಾಟಿನಲ್ಲಿ ಕಣ್ಣಿನ ಮಟ್ಟಕ್ಕೆ ಇಟ್ಟು ಮೂರು ಸಲ. ಹಿಂದಿನ ಕಾಣದ ಅಂಚನ್ನೂ ಎಳೆಯಿರಿ, ಬಿಡಬೇಡಿ.

ಘಟ್ಟದಗೆರೆ
ಗಾಡಿ ಚಕ್ರಕ್ಕೂ ಅದೇ, ಗಿಡ್ಡ ಅಕ್ಷ ಅಚ್ಚಿನ ಗುಂಟ ಹೋಗಬೇಕು. ಗುಂಬವನ್ನು (ಅಚ್ಚು ಕೂರುವ ನಡುವಿನ ಭಾಗ) ಅಂಡಾಕಾರದ ಸರಿ ನಡುವಿಗೆ ಇಡಬೇಡಿ, ಚಕ್ರದ ನಿಜವಾದ ನಡು ಒಂದಿಷ್ಟು ಆಚೆ, ದೂರದ ಕಡೆಗೆ. ಹಂಪಿಯ ಕಲ್ಲಿನ ರಥದ ಚಕ್ರಗಳಲ್ಲಿ ಹೆಚ್ಚಿನವರ ಚಿತ್ರ ಕೆಡುವುದು ಇಲ್ಲೇ.

ನೀರುಬಣ್ಣ
ಅರ್ಧ ಗಂಟೆಯ ಪ್ರಶ್ನೆ ಬಾಕಿ ಇದೆ. ದಿನಾ ಹತ್ತಿಪ್ಪತ್ತು ಡಬ್ಬ ಬಿಡಿಸಿ ಅನ್ನುತ್ತಾರೆ, ಅದರಿಂದ ಉಪಯೋಗ ಇದೆಯಾ?

ಇದ್ದಿಲು
ಬಿಡಿಸಿ ಬಿಟ್ಟರೆ ಇಲ್ಲ, ತಿದ್ದಿದರೆ ಇದೆ. 75 ಜಿಎಸ್‌ಎಂನ ಸಾದಾ ಎ4 ಹಾಳೆ, ನೀಲಿ ಬಾಲ್‌ಪೆನ್. ರಬ್ಬರ್ ಬೇಡ. ಮೊದಲ 5 ನಿಮಿಷ ಎರಡು ಚುಕ್ಕಿ ಇಟ್ಟು ಸ್ಕೇಲಿಲ್ಲದೆ ಸೇರಿಸುವುದು, ಮಣಿಕಟ್ಟಲ್ಲ, ಭುಜ ಅಲುಗಬೇಕು. 10 ನಿಮಿಷ ಬೆಂಕಿಪೊಟ್ಟಣ ನೋಡಿ ಐದೇ ಡಬ್ಬ, ಪ್ರತಿಸಲ ಪೊಟ್ಟಣ ತಿರುಗಿಸಿ. 10 ನಿಮಿಷ ಲೋಟ ಅಥವಾ ಸ್ಟೂಲ್. ಕೊನೆಯ 5 ನಿಮಿಷ ಕೆಂಪು ಪೆನ್ ಹಿಡಿದು ಪ್ರತಿ ಡಬ್ಬದ ಗೆರೆಗಳನ್ನು ಹಿಂದಕ್ಕೆ ಉದ್ದ ಮಾಡಿ. ಒಂದು ದಿಕ್ಕಿನ ನಾಲ್ಕು ಗೆರೆ ಒಂದೇ ಕಡೆ ಸೇರಬೇಕು. ಸಾಮಾನ್ಯವಾಗಿ ಹಿಂದಿನ ಮೂಲೆಯ ಗೆರೆ ಅಗಲಿಕೊಂಡಿರುತ್ತೆ. ಆ 5 ನಿಮಿಷ ಬಿಟ್ಟವರು ವರ್ಷವಾದರೂ ಅದೇ ತಪ್ಪು ಮಾಡುತ್ತಿರುತ್ತಾರೆ.

ಜಗಲಿಗೆರೆ
ಎಲ್ಲರಿಗೂ ತುಂಬಾ ಧನ್ಯವಾದ. ಹೊಸ ಹಾಳೆಯಲ್ಲಿ ಅಂಚು ಭಾಗ ಮಾಡಿ ಹಾಕಿದೆ. ಮೂಲೆ 10 ಸೆಂ.ಮೀ. ಕರ್ಣದ ಪದ್ಧತಿಯಲ್ಲಿ ಕಂಬಗಳ ಅಂತರ 2.4, 2.2, 2, 1.5 ಬಂತು. ಐದನೇ ಕಂಬದ ಎತ್ತರ 8.4. ಇಳಿಕೆ ಇಷ್ಟು ನಿಧಾನ ಇರುತ್ತದಾ?

ಟಿ_ಸ್ಕೇಲ್
ಇರುತ್ತದೆ, 16 ಮೀಟರ್ ದೂರ ನಿಂತಿದ್ದೀರಲ್ಲ. ಆದರೆ ಎತ್ತರ 8.4 ಆದರೆ ಕೊನೆಯ ಅಂತರ 1.8 ಬರಬೇಕು. 3 ಮಿ.ಮೀ. ಒಳಗೆ ಸರಿದಿದೆ. ನಾಲ್ಕನೇ ಕಂಬದ ನಡುವಿನ ಚುಕ್ಕಿ ಮತ್ತೆ ನೋಡಿ.

ಧಾರವಾಡ_ಪೆನ್ಸಿಲ್
ಪೆನ್ಸಿಲ್ ಕೆತ್ತಿ ಹಾಕಿದ್ರೇನು?

ಜಗಲಿಗೆರೆ
ಇಲ್ಲ, ಕೊನೆಯ ಎರಡಕ್ಕೆ ಎಚ್‌ಬಿ ಹಿಡಿದಿದ್ದೆ. 2ಎಚ್ ಕೆತ್ತಿ ಮತ್ತೆ ಎಳೆದೆ, 1.8 ಬಂತು.